ತಲೆ ಕಾಣಿಸಿದ ಮೇಲೆ ಅವಸರ ಬೇಡ

ನಮಸ್ಕಾರ. ಇವತ್ತು ನಾನು ಒಂದೇ ಒಂದು ಮಾತು ಹೇಳೋದಕ್ಕೆ ಬಂದಿದ್ದೇನೆ. ಹೆರಿಗೆಯಲ್ಲಿ ಮಗುವಿನ ತಲೆ ಕಾಣಿಸಿದ ಮೇಲೆ ಅವಸರ ಮಾಡಬೇಡಿ. ಮುಂದೆ ಏನು ಹೇಳಿದರೂ ಇದರ ಸುತ್ತಲೇ ಇರುತ್ತೆ. ಬಸುರಿಯರು ಮಾತ್ರ ಕೇಳಿದರೆ ಸಾಲದು. ಅವ್ವ, ಅತ್ತೆ, ಗಂಡ, ಎಲ್ಲರೂ ಕೇಳಬೇಕು. ಇಂಥದ್ದನ್ನೆಲ್ಲ ರೇಡಿಯೋದಲ್ಲಿ ಹೇಳ್ತಾರಾ ಅಂತ ದಯವಿಟ್ಟು ದನಿ ಕಡಿಮೆ ಮಾಡಬೇಡಿ.

ಕೊಪ್ಪಳದಲ್ಲಿ ನನ್ನ ಹತ್ತಿರ ತಪಾಸಣೆಗೆ ಬರುವ ಚೊಚ್ಚಲ ಬಸುರಿಯರು ಮೊದಲು ಮಗುವಿನ ತೂಕ ಕೇಳ್ತಾರೆ. ಸ್ಕ್ಯಾನಿಂಗ್ ಯಾವಾಗ ಅಂತ ಕೇಳ್ತಾರೆ. ಎದ್ದು ಹೋಗುವಾಗ, ತಾಯಿ ಕಾರ್ಡನ್ನು ಚೀಲಕ್ಕೆ ಹಾಕಿಕೊಳ್ತಾ ಮೆಲ್ಲಗೆ ಕೇಳೋದು ಬೇರೆಯದೇ. “ಮೇಡಂ, ಕೆಳಗ ಹರೀತೈತಂತಲ್ರೀ?” ಅವರ ನಿಜವಾದ ಭಯ ಅದು. ಮನೆಯಲ್ಲಿ ಕೇಳಿದರೆ, “ಎಲ್ರೂ ಹಡೀತಾರ, ನಿನ್ನದೇನು ಹೆಚ್ಚಿಂದು” ಅಂತ ಬಾಯಿ ಮುಚ್ಚಿಸಿರುತ್ತಾರೆ. ಹಾಗೆ ಮಾಡಬಾರದು. ಹೆದರಿದ ಹೆಂಗಸು ಮೈ ಬಿಗಿ ಹಿಡೀತಾಳೆ. ಬಿಗಿ ಹಿಡಿದ ಮೈ ಸಡಿಲ ಬಿಡೋದಿಲ್ಲ.

ನೇರವಾಗಿ ಹೇಳ್ತೀನಿ. ಹೌದು, ಮಗು ಹೊರಗೆ ಬರುವ ಜಾಗದ ಚರ್ಮ ಹರಿಯುತ್ತೆ. ಮೊದಲನೇ ಹೆರಿಗೆಯಲ್ಲಿ 10ರಲ್ಲಿ 9 ಜನರಿಗೆ ಸ್ವಲ್ಪ ತರಚುತ್ತೆ, ಹರಿಯುತ್ತೆ ಅಥವಾ ಜಾಗ ಅಗಲ ಮಾಡೋಕೆ ಕತ್ತರಿ ಬೀಳುತ್ತೆ ಅಂತ ಇಂಗ್ಲೆಂಡಿನ ಹೆರಿಗೆ ತಜ್ಞರ ರಾಯಲ್ ಕಾಲೇಜು ಹೇಳುತ್ತೆ. ಗಾಬರಿ ಬೇಡ. ಹೆಚ್ಚಿನವು ಚಿಕ್ಕವು. ಚರ್ಮ ಮಾತ್ರ ಹರಿದರೆ ಎಷ್ಟೋ ಸಲ ಹೊಲಿಗೆಯೂ ಬೇಕಾಗೋದಿಲ್ಲ. ಒಳಗಿನ ಮಾಂಸಖಂಡ ಹರಿದರೆ ಹೊಲಿಗೆ ಹಾಕ್ತೀವಿ. ಆ ದಾರ ತಾನಾಗಿ ಕರಗುತ್ತೆ, ಕೆಲವು ವಾರಗಳಲ್ಲಿ ಗಾಯ ಮಾಯುತ್ತೆ. ನಾವು ತಡೆಯಬೇಕಾದದ್ದು ಅದಕ್ಕಿಂತ ಆಳಕ್ಕೆ ಹೋಗುವ ಗಾಯವನ್ನು. ಮಲದ್ವಾರವನ್ನು ಬಿಗಿ ಹಿಡಿಯುವ ಸ್ನಾಯುವರೆಗೆ ಹೋಗುವ ಗಾಯ ಅದು. ಆ ದೇಶದ ಲೆಕ್ಕದಲ್ಲಿ ಮೊದಲ ಹೆರಿಗೆಯಲ್ಲಿ 100ಕ್ಕೆ 6 ಜನರಿಗೆ, ಆಮೇಲಿನ ಹೆರಿಗೆಗಳಲ್ಲಿ 100ಕ್ಕೆ 2 ಜನರಿಗೆ ಇದು ಆಗುತ್ತೆ.

ಯಾಕೆ ಹರಿಯುತ್ತೆ? ನೀವೆಲ್ಲ ಜೋಳದ ರೊಟ್ಟಿ ಬಡಿದವರು. ಹದವಾಗಿ, ನಿಧಾನಕ್ಕೆ ಬಡಿದರೆ ಅದೇ ಹಿಟ್ಟು ಅಗಲ ಆಗ್ತಾ ಹೋಗುತ್ತೆ. ಒಮ್ಮೆಲೇ ಒತ್ತಿದರೆ ಅಂಚು ಸೀಳುತ್ತೆ. ಇಲ್ಲೂ ಅಷ್ಟೇ. ಆ ಜಾಗದ ಚರ್ಮ ಹಿಗ್ಗುತ್ತೆ, ಆದರೆ ಹಿಗ್ಗಲು ಹೊತ್ತು ಬೇಕು. ತಲೆ ಕಾಣಿಸಿದ ಮೇಲಿನ ಆ ಕೆಲವು ನಿಮಿಷ ಕೊಡಿ. ಅದನ್ನೇ ನಾನು ಕೇಳ್ತಿರೋದು.

ಯಲಬುರ್ಗಾ ಕಡೆಯ ಒಬ್ಬ ಹುಡುಗಿಯ ಕತೆ ಹೇಳಲೇಬೇಕು. ಏಳನೇ ತಿಂಗಳಲ್ಲಿ ಕುಬಸ ಆಗಿತ್ತು. ಉಡಿ ತುಂಬಲು ಬಂದ ಹೆಂಗಸರು ಊಟಕ್ಕೆ ಕೂತಲ್ಲಿ ತಮ್ಮ ತಮ್ಮ ಹೆರಿಗೆಯ ಕತೆ ತೆಗೆದರು. ಅವಳ ನೆಗೆಣ್ಣಿಗೆ ಒಂದು ಆಸ್ಪತ್ರೆಯಲ್ಲಿ ಹೆರಿಗೆ ಆಗಿತ್ತು. ಗರ್ಭದ ಬಾಯಿ ಪೂರ್ತಿ ತೆರೆಯುವ ಮೊದಲೇ ತಿಣುಕು ತಿಣುಕು ಅಂದಿದ್ದರು. ಮೇಲಿಂದ ಹೊಟ್ಟೆ ಒತ್ತಿದ್ದರು. ಮಗು ರಭಸದಿಂದ ಹೊರಗೆ ಬಂತು, ಗಾಯ ಆಳಕ್ಕೆ ಹೋಯ್ತು. ಆಕೆಗೆ ಎಷ್ಟೋ ದಿನ ನೆಟ್ಟಗೆ ಕೂತು ಮಗುವಿಗೆ ಹಾಲು ಕುಡಿಸೋಕೆ ಆಗಲಿಲ್ಲ. ಇದನ್ನು ಕೇಳಿದ ನಮ್ಮ ಹುಡುಗಿ ಮಾರನೇ ವಾರವೇ ನನ್ನ ಮುಂದೆ ಕೂತು, “ನನಗ ಆಪರೇಷನ್ನ ಮಾಡ್ರಿ” ಅಂದಳು. ಕಣ್ಣಲ್ಲಿ ನೀರು.

ಅವಳ ಅವ್ವನನ್ನೂ ಒಳಗೆ ಕರೆದೆ. ಕೂರಿಸಿಕೊಂಡು ಹೇಳಿದೆ. ಎಂಟು ತಿಂಗಳು ತುಂಬಿದ ಮೇಲೆ, ಅಂದರೆ 35ನೇ ವಾರದಿಂದ, ವಾರಕ್ಕೆ ಒಂದೆರಡು ಸಲ ಸ್ನಾನ ಆದ ಮೇಲೆ ಯೋನಿಯ ಬಾಯಿಗೆ ಎಣ್ಣೆ ಹಚ್ಚಿ ತೀಡಿಕೊಳ್ಳಬೇಕು. ಉಗುರು ಕತ್ತರಿಸಿರಬೇಕು, ಕೈ ಸೋಪು ಹಾಕಿ ತೊಳೆದಿರಬೇಕು. ಕೊಬ್ಬರಿ ಎಣ್ಣೆ ಸಾಕು, ಪರಿಮಳದ ಎಣ್ಣೆ ಬೇಡ. ಹೆಬ್ಬೆರಳನ್ನು ಒಂದು ಇಂಚಿನಷ್ಟು ಒಳಗಿಟ್ಟು ಕೆಳಕ್ಕೆ, ಆಮೇಲೆ ಎರಡೂ ಬದಿಗೆ ಮೆಲ್ಲಗೆ ಎಳೆದು ಹಿಡಿಯಬೇಕು. ಸ್ವಲ್ಪ ಉರಿದಂತೆ ಆಗುತ್ತೆ, ನೋಯಬಾರದು. ಐದು ನಿಮಿಷ ಅಷ್ಟೇ. ರಕ್ತ ಹೋಗ್ತಿದ್ದರೆ, ನೀರು ಒಡೆದಿದ್ದರೆ, ಸೋಂಕು ಇದ್ದರೆ ಮಾಡಬಾರದು. ಹುಡುಗಿ ನಾಚಿಕೊಂಡು ನೆಲ ನೋಡಿದಳು. ಅವ್ವ ಮಾತ್ರ, “ನಮ್ಮ ಕಾಲಕ್ಕ ಸೂಲಗಿತ್ತಿ ಎಣ್ಣಿ ಹಚ್ಚತಿದ್ಲು ಬಿಡ್ರಿ” ಅಂದರು. ಅರ್ಧ ಕೆಲಸ ಅಲ್ಲೇ ಆಯ್ತು.

ಇನ್ನೊಂದು ಕಲಿಸಿದೆ. ಬಾಯಿ ತೆರೆದು “ಹಾ, ಹಾ, ಹಾ” ಅಂತ ಸಣ್ಣ ಸಣ್ಣ ಉಸಿರು ಬಿಡೋದು. ಹಾಗೆ ಉಸಿರು ಬಿಡುವಾಗ ಜೋರಾಗಿ ತಿಣುಕೋಕೆ ಬರೋದಿಲ್ಲ. ಬೇಕಾದರೆ ಈಗಲೇ ಮಾಡಿ ನೋಡಿ.

ನೋವು ಶುರುವಾಗಿ ಆಸ್ಪತ್ರೆಗೆ ಬಂದಳು. ಅವ್ವನನ್ನು ಹೆರಿಗೆ ಕೋಣೆಯೊಳಗೆ ಬಿಟ್ಟುಕೊಂಡೆವು. ಮಲಗಿ ಕಾಲು ಮೇಲೆ ಕಟ್ಟಿಸಿಕೊಳ್ಳೋದು ಬೇಡ ಅಂತ ಹುಡುಗಿಯನ್ನು ಎಡ ಮಗ್ಗುಲಿಗೆ ಮಲಗಿಸಿದೆವು. ತಲೆ ಕಾಣಿಸೋಕೆ ಶುರುವಾದಾಗ ಸಿಸ್ಟರ್ ಶುದ್ಧ ಬಟ್ಟೆಯನ್ನು ಬಿಸಿನೀರಲ್ಲಿ ಹಿಂಡಿ, ತನ್ನ ಕೈಗೆ ತಾಗಿಸಿ ನೋಡಿ, ಅಲ್ಲಿ ಇಟ್ಟು ಹಿಡಿದರು. ಆರಿದರೆ ಮತ್ತೆ ಅದ್ದಿ ಹಿಂಡಿ ಇಡೋದು. ಈ ಬಿಸಿ ಬಟ್ಟೆ ಸಣ್ಣ ಉಪಾಯ ಅನ್ನಿಸಬಹುದು. ಆಳದ ಗಾಯ ಕಡಿಮೆ ಮಾಡುತ್ತೆ ಅಂತ ಸಾಬೀತಾಗಿರುವ ಉಪಾಯ ಅದು. ಖರ್ಚು ಇಲ್ಲ, ಮಷಿನ್ ಬೇಡ.

ಅಷ್ಟರಲ್ಲಿ ಅವ್ವನಿಗೆ ತಡೆಯಲಾಗಲಿಲ್ಲ. “ತಿಣುಕವ್ವಾ, ತಿಣುಕು!” ಅಂತ ಕೂಗಿಯೇ ಬಿಟ್ಟರು. ನಾನು ಅವರ ಕಡೆ ನೋಡಿದೆ. ತಕ್ಷಣ ಅವರಿಗೆ ನೆನಪಾಯ್ತು. ಮಗಳ ಮುಖದ ಹತ್ತಿರ ಬಗ್ಗಿ “ಹಾ, ಹಾ, ಹಾ” ಅನ್ನೋಕೆ ಶುರು ಮಾಡಿದರು. ಮಗಳೂ ಜೊತೆಗೆ “ಹಾ, ಹಾ”. ನಾನು ಒಂದು ಕೈ ಮಗುವಿನ ತಲೆಯ ಮೇಲೆ, ಒಂದು ಕೈ ಕೆಳಗೆ ಆಸರೆಯಾಗಿ ಇಟ್ಟಿದ್ದೆ. ತಲೆ ಸ್ವಲ್ಪ ಬರ್ತಿತ್ತು, ಹಿಂದೆ ಸರೀತಿತ್ತು, ಮತ್ತೆ ಬರ್ತಿತ್ತು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಹಣೆ, ಮೂಗು, ಗದ್ದ ಒಂದೊಂದಾಗಿ ಹೊರಗೆ ಬಂತು. ಹೆಣ್ಣು ಮಗು. ಚರ್ಮ ಒಂಚೂರು ಹರಿದಿತ್ತು, ಎರಡು ಹೊಲಿಗೆ ಹಾಕಿದೆ. ಮರುದಿನ ನಾನು ರೌಂಡ್ಸಿಗೆ ಹೋದರೆ ಕಾಲು ಮಡಚಿ ಕೂತು ಹಾಲು ಕುಡಿಸ್ತಾ ಇದ್ದಳು. ನೋಡೋಕೆ ಬಂದಿದ್ದ ನೆಗೆಣ್ಣಿ ಮಂಚದ ಪಕ್ಕ ನಿಂತು, “ನನಗ ಯಾಕ ಯಾರೂ ಇದನ್ನ ಹೇಳಲಿಲ್ಲರೀ?” ಅಂತ ಕೇಳಿದಳು. ಆ ಪ್ರಶ್ನೆಗಾಗಿಯೇ ನಾನು ಈ ಕಾರ್ಯಕ್ರಮಕ್ಕೆ ಬರ್ತೀನಿ ಅಂತ ಒಪ್ಪಿದ್ದು.

ಸಮಯ ಕಡಿಮೆ ಉಳಿದಿದೆ, ಬೇಗ ಬೇಗ ಹೇಳ್ತೀನಿ. ಎಲ್ಲರಿಗೂ ಸುಮ್ನೆ ಕತ್ತರಿ ಹಾಕೋದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಹೊಟ್ಟೆ ಒತ್ತೋದೂ ಬೇಡ ಅಂದಿದೆ. ಮಗುವಿನ ಎದೆಬಡಿತ ಇಳಿದರೆ, ಉಪಕರಣ ಹಾಕಿ ತೆಗೆಯಬೇಕಾದರೆ ಕತ್ತರಿ ಬೇಕಾಗಬಹುದು. ಆಗ ಡಾಕ್ಟರ್ ಮಾತು ಕೇಳಿ. ಹೊಟ್ಟೆ ಒತ್ತೋದಕ್ಕೆ ಮಾತ್ರ ಒಪ್ಪಬೇಡಿ. ಮನೆಯಲ್ಲಿ ಯಾರನ್ನೋ ಕರೆಸಿ ಹೆರಿಗೆ ನೋವು ಬರಿಸುವ ಇಂಜೆಕ್ಷನ್ ಮಾಡಿಸಲೇಬೇಡಿ. ಅದು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬ ಹೆಂಗಸು ಇರಬೇಕು ಅನ್ನೋದು ಕೇಂದ್ರ ಸರ್ಕಾರ ಹೆರಿಗೆ ಕೋಣೆಗಳನ್ನು ಸುಧಾರಿಸೋಕೆ 2017ರಲ್ಲಿ ತಂದ ‘ಲಕ್ಷ್ಯ’ ಕಾರ್ಯಕ್ರಮದಲ್ಲೇ ಇದೆ. ಆದ್ದರಿಂದ ಧೈರ್ಯವಾಗಿ ಕೇಳಿ. ಆದರೆ ಒಳಗೆ ಬರುವವರು “ತಿಣುಕು” ಅಂತ ಕೂಗಬಾರದು. ತಲೆ ಕಾಣಿಸಿದ ಮೇಲೆ ಅವಸರ ಬೇಡ, ನೆನಪಿದೆ ಅಲ್ವಾ?

ಬಾಣಂತನದ ಬಗ್ಗೆ ಎರಡೇ ಮಾತು. ಬಾಣಂತಿಗೆ ನೀರು ಕೊಡಬಾರದು ಅನ್ನೋದನ್ನು ಬಿಟ್ಟುಬಿಡಿ. ನೀರು ಇಲ್ಲದೆ ಮಲ ಗಟ್ಟಿಯಾದರೆ ಹೊಲಿಗೆ ಎಳೆಯುತ್ತೆ, ಆಕೆ ಅತ್ತುಕೊಂಡು ಕೂರಬೇಕಾಗುತ್ತೆ. ಬಿಸಿ ಮಾಡಿ ಆರಿಸಿದ ನೀರು, ಸೊಪ್ಪು, ಬೇಳೆ ಧಾರಾಳವಾಗಿ ಕೊಡಿ. ಹೊರಸಿನ ಕೆಳಗೆ ಕೆಂಡ ಇಟ್ಟು ಹೊಲಿಗೆಗೆ ಶಾಖ ತಾಗಿಸಬೇಡಿ. ನೀರಿನಿಂದ ತೊಳೆದು, ಒತ್ತಿ ಒರೆಸಿ, ಒಣಗಿದಂತೆ ಇಟ್ಟರೆ ಸಾಕು. ಮೂತ್ರ ತಡೆ ಹಿಡಿದಂತೆ ಕೆಳಗಿನ ಸ್ನಾಯು ಬಿಗಿ ಮಾಡಿ ಬಿಡುವ ವ್ಯಾಯಾಮವನ್ನು ನೋವು ಇಳಿದ ಮೇಲೆ ದಿನಾ ಮಾಡಿ.

ಗಾಯದಿಂದ ಕೆಟ್ಟ ವಾಸನೆ ಬಂದರೆ, ಕೀವು ಬಂದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಬನ್ನಿ. ಗಾಳಿ, ಮಲ ತಡೆಯೋಕೆ ಆಗ್ತಿಲ್ಲ ಅಂದರೂ ಬನ್ನಿ. ಎಷ್ಟೋ ಹೆಂಗಸರು ಅದನ್ನು ಗಂಡನಿಗೂ ಹೇಳದೆ ವರ್ಷಗಟ್ಟಲೆ ಸಹಿಸಿಕೊಂಡಿರ್ತಾರೆ. ಅದಕ್ಕೆ ಚಿಕಿತ್ಸೆ ಇದೆ. ನಿಮ್ಮೂರ ಆಶಾ ಅಕ್ಕನಿಗೆ ಹೇಳಿದರೆ ಅವರೇ ಕರೆದುಕೊಂಡು ಬರ್ತಾರೆ. ಬರುವಾಗ ಹೆರಿಗೆಯ ಡಿಸ್ಚಾರ್ಜ್ ಚೀಟಿ ತನ್ನಿ, ಹೊಲಿಗೆ ಎಲ್ಲಿವರೆಗೆ ಹಾಕಿದ್ದಾರೆ ಅಂತ ಅದರಲ್ಲಿ ಬರೆದಿರುತ್ತೆ. ನಮಸ್ಕಾರ.