ಮುಚ್ಚೋ ಹಂತಕ್ಕೆ ಬಂದಿದ್ದ ದ್ವೀಪದ ಹೈಸ್ಕೂಲು

ನಮಸ್ಕಾರ ಕೇಳುಗರೇ. ಇವತ್ತು ಜಪಾನಿನ ಒಂದು ಪುಟ್ಟ ದ್ವೀಪದ ಹೈಸ್ಕೂಲು ಮಕ್ಕಳ ಬಗ್ಗೆ ಮಾತಾಡ್ತೀನಿ. ಸ್ಕೂಲಿನ ಹೆಸರು ಓಕಿ ದೋಜೆನ್ ಹೈಸ್ಕೂಲು, ಇರೋದು ಶಿಮಾನೆ ಪ್ರಾಂತ್ಯದ ಅಮಾ ಅನ್ನೋ ಊರಲ್ಲಿ, ದಡದಿಂದ ಸುಮಾರು 60 ಕಿಲೋಮೀಟರ್ ಆಚೆ ಸಮುದ್ರದೊಳಗೆ. ಫೆರ್ರಿ ಹತ್ತಿದ್ರೆ ಹತ್ತಿರ ಹತ್ತಿರ ಮೂರು ಗಂಟೆ ಪ್ರಯಾಣ, ಅದೂ ಸಮುದ್ರ ಸುಮ್ಮನಿದ್ರೆ. ಚಳಿಗಾಲದಲ್ಲಿ ವಾಯವ್ಯದ ಗಾಳಿ ಜೋರಾಗಿ ಬೀಸೋಕೆ ಶುರು ಮಾಡಿದ್ರೆ ಫೆರ್ರಿ ಹೊರಡೋದೇ ಇಲ್ಲ, ಊರಿಗೆ ಬರಬೇಕಾದ ಸಾಮಾನು, ಮ್ಯಾಚಿಗೆ ಹೋಗಬೇಕಾದ ಮಕ್ಕಳು, ಎಲ್ಲಾ ಇದ್ದಲ್ಲೇ ಇರಬೇಕು.

ದೋಜೆನ್ ಅಂದ್ರೆ ಒಂದೇ ದ್ವೀಪ ಅಲ್ಲ, ಜನ ಇರೋ ದ್ವೀಪಗಳೇ ಮೂರು. ಬಹಳ ಹಿಂದೆ ಅಲ್ಲಿದ್ದ ಜ್ವಾಲಾಮುಖಿಯ ನಡುಭಾಗ ಕುಸಿದು ಅದರೊಳಗೆ ಸಮುದ್ರ ನುಗ್ಗಿ, ಸುತ್ತಲಿನ ಅಂಚು ಮಾತ್ರ ದ್ವೀಪಗಳಾಗಿ ಉಳ್ಕೊಂಡಿದೆ. ಹೈಸ್ಕೂಲು ಇರೋದು ಒಂದರಲ್ಲಿ ಮಾತ್ರ, ಹಾಗಾಗಿ ಉಳಿದೆರಡು ದ್ವೀಪದ ಮಕ್ಕಳು ಬೆಳಗ್ಗೆ ಬ್ಯಾಗ್ ಹಾಕ್ಕೊಂಡು ಚಿಕ್ಕ ಬೋಟ್ ಹತ್ತಿ ಆ ಹಳೇ ಜ್ವಾಲಾಮುಖಿಯ ಹೊಟ್ಟೆ ದಾಟ್ಕೊಂಡೇ ಸ್ಕೂಲಿಗೆ ಬರ್ತಾರೆ. ಸಂಜೆ ಆಟ, ಕ್ಲಬ್ಬು, ಫ್ರೆಂಡ್ಸ್ ಜೊತೆ ಹರಟೆ ಏನಿದ್ರೂ ಬೋಟಿನ ಟೈಮ್ ನೋಡ್ಕೊಂಡೇ. ಬಸ್ಸು ತಪ್ಪಿದ್ರೆ ನಡ್ಕೊಂಡಾದ್ರೂ ಹೋಗ್ಬಹುದು, ಬೋಟ್ ತಪ್ಪಿದ್ರೆ ಏನ್ ಮಾಡೋದು ಹೇಳಿ.

ಇಂಥ ಸ್ಕೂಲಲ್ಲಿ ಆಸಕ್ತಿ, ಹವ್ಯಾಸ ಅನ್ನೋದರ ಲೆಕ್ಕವೇ ಬೇರೆ. ದೊಡ್ಡ ಊರಿನ ಸ್ಕೂಲಲ್ಲಿ ಬೇಸ್‌ಬಾಲ್ ಟೀಮಿಗೆ ಸೇರ್ಬೇಕು ಅಂದ್ರೆ ಹತ್ತಾರು ಮಕ್ಕಳ ಜೊತೆ ಪೈಪೋಟಿ ಮಾಡ್ಬೇಕು, ಇಲ್ಲಿ ಒಂಬತ್ತು ಜನ ಸೇರೋದೇ ಕಷ್ಟ, ಒಬ್ಬ ಬಿಟ್ಟು ಹೋದ್ರೆ ಉಳಿದ ಎಂಟು ಜನರ ಆಟವೂ ನಿಂತುಹೋಗುತ್ತೆ, ಅದಕ್ಕೇ ಅಲ್ಲಿ ನೀನು ಚೆನ್ನಾಗಿ ಆಡ್ತೀಯಾ ಅಂತ ಕೇಳೋಕೆ ಮೊದಲು ನೀನು ಬರ್ತೀಯಾ ಅಂತ ಕೇಳ್ತಾರೆ. ನನಗೆ ಇದು ತುಂಬಾ ದೊಡ್ಡ ವಿಷಯ ಅನ್ಸುತ್ತೆ, ಹದಿನಾರು ವರ್ಷದ ಹುಡುಗನಿಗೋ ಹುಡುಗಿಗೋ ನೀನಿಲ್ದೇ ಇದು ನಡೆಯಲ್ಲ ಅಂತ ಯಾರಾದ್ರೂ ಹೇಳೋದು ಎಷ್ಟು ಕಡೆ ಇದೆ? ದ್ವೀಪ ಅಂದ್ಮೇಲೆ ಹಿಂದೆ ಬೀಳ್ಲೇಬೇಕು ಅಂತಾನೂ ಇಲ್ಲ, ಪಕ್ಕದ ದೊಡ್ಡ ದ್ವೀಪ ದೋಗೋದಲ್ಲಿರೋ ಓಕಿ ಹೈಸ್ಕೂಲಿನ ಟೀಮು 2003ರಲ್ಲಿ ಕೋಶಿಯೆನ್ ಮೈದಾನದ ರಾಷ್ಟ್ರಮಟ್ಟದ ಹೈಸ್ಕೂಲು ಬೇಸ್‌ಬಾಲ್ ಟೂರ್ನಮೆಂಟಿನಲ್ಲೇ ಆಡಿತ್ತು.

ಆದ್ರೆ ದೋಜೆನ್ ಸ್ಕೂಲು ಒಂದು ಕಾಲಕ್ಕೆ ಮುಚ್ಚೋ ಸ್ಥಿತಿಗೆ ಬಂದಿತ್ತು. 2008ರ ಹೊತ್ತಿಗೆ ಹೈಸ್ಕೂಲಿನ ಮೂರೂ ತರಗತಿಯ ಮಕ್ಕಳು ಸೇರಿ 90ರ ಆಸುಪಾಸು. ಮುಚ್ಚಿದ್ರೆ ಏನಾಗುತ್ತೆ ಅಂತ ಊರವರಿಗೆ ಸರಿಯಾಗಿ ಗೊತ್ತಿತ್ತು. ಹದಿನೈದು ವರ್ಷಕ್ಕೇ ಮಕ್ಕಳು ದ್ವೀಪ ಬಿಡ್ಬೇಕು, ದಡದ ಊರಲ್ಲಿ ರೂಮು, ಊಟ ಅಂತ ಮೂರು ವರ್ಷ ಅಪ್ಪ ಅಮ್ಮ ದುಡ್ಡು ಹೊಂದಿಸ್ಬೇಕು, ಅದರ ಬದ್ಲು ಇಡೀ ಸಂಸಾರವೇ ಹೋಗಿಬಿಡೋಣ ಅಂತ ಕೆಲವರು ಹೊರಡ್ತಾರೆ, ಅವರ ಜೊತೆ ಪ್ರೈಮರಿ ಓದೋ ತಮ್ಮ ತಂಗಿಯರೂ ಹೋಗ್ತಾರೆ, ಆಮೇಲೆ ಪ್ರೈಮರಿ ಸ್ಕೂಲಿಗೂ ಮಕ್ಕಳಿಲ್ಲ. ಹಾಗಾಗಿ ಮೂರು ದ್ವೀಪದ ಆಡಳಿತಗಳು, ಸ್ಕೂಲಿನ ಮೇಷ್ಟ್ರುಗಳು, ಊರವರು ಎಲ್ಲಾ ಕೂತು ಸ್ಕೂಲನ್ನ ಉಳಿಸ್ಕೊಳ್ಳೋ ಕೆಲಸಕ್ಕೆ ಕೈ ಹಾಕಿದ್ರು. ಅಮಾ ಊರಿನ ಹತ್ರ ದುಡ್ಡೂ ಇರ್ಲಿಲ್ಲ, ಅದಕ್ಕೂ ಕೆಲವು ವರ್ಷ ಮುಂಚೆ, 2005ರಲ್ಲಿ, ಮೇಯರ್ ಯಮೌಚಿ ಮಿಚಿಯೋ ತಮ್ಮ ಸಂಬಳವನ್ನೇ ಅರ್ಧಕ್ಕೆ ಇಳಿಸ್ಕೊಂಡಿದ್ರು, ಪರಿಸ್ಥಿತಿ ಅಷ್ಟು ಬಿಗಿ ಇತ್ತು.

ಇಲ್ಲಿ ಮಕ್ಕಳೇ ಮಾಡಿದ ಒಂದು ಕೆಲಸ ಇದೆ, ನನಗೆ ಈ ಇಡೀ ವಿಷಯದಲ್ಲಿ ಅತೀ ಇಷ್ಟವಾಗಿರೋದು ಅದೇ. 2009ರಲ್ಲಿ ಜಪಾನಿನ ಹೈಸ್ಕೂಲು ಮಕ್ಕಳಿಗೆ ಅಂತ ಮೊದಲ ಸಲ ಒಂದು ಸ್ಪರ್ಧೆ ಇಟ್ರು, ನಿಮ್ಮ ಊರಿಗೆ ಒಂದು ಟೂರ್ ಪ್ಲಾನ್ ಮಾಡಿ ಅಂತ. ಓಕಿಯಲ್ಲಿ, ಅಂದ್ರೆ ಈ ಇಡೀ ದ್ವೀಪಗಳ ಗುಂಪಲ್ಲಿ, ತೋರಿಸೋಕೆ ಏನೂ ಇಲ್ಲ ಅಂತಲ್ಲ, ಪಕ್ಕದ ನಿಶಿನೋಶಿಮಾ ದ್ವೀಪದಲ್ಲಿ ಸಮುದ್ರದಿಂದ ನೇರ ಎದ್ದಿರೋ 257 ಮೀಟರ್ ಎತ್ತರದ ಮಾತೆನ್‌ಗಾಯ್ ಕಡಿದಾದ ಬಂಡೆ ಇದೆ, 1221ರಲ್ಲಿ ಯುದ್ಧ ಸೋತ ಗೋತೋಬಾ ಮಾಜಿ ಚಕ್ರವರ್ತಿಯನ್ನ ಗಡೀಪಾರು ಮಾಡಿ ಕಳ್ಸಿದ್ದು ಇದೇ ಅಮಾಗೆ, ಅವರು ಕೊನೆ ಉಸಿರು ಎಳೆದಿದ್ದೂ ಇಲ್ಲೇ. ಬೇರೆ ಯಾರಾದ್ರೂ ಆಗಿದ್ರೆ ಇವನ್ನೇ ಸಾಲಾಗಿ ಬರೆದು ಕೊಡ್ತಿದ್ರು. ಈ ಮಕ್ಕಳು ಜಾಗ ನೋಡೋದಕ್ಕಿಂತ ಊರಿನ ಜನರನ್ನ ಭೇಟಿ ಮಾಡೋದನ್ನೇ ಮುಖ್ಯ ಮಾಡಿ ಟೂರ್ ಹಾಕಿದ್ರು. ಹೊರಗಿನ ಸ್ಟೂಡೆಂಟ್ಸ್ ಬರ್ಬೇಕು, ಇಲ್ಲಿಯವರ ಜೊತೆ ಕೂತು ಮಾತಾಡ್ಬೇಕು, ಕೆಲಸ ಮಾಡ್ಬೇಕು, ಹೋಗೋ ಹೊತ್ತಿಗೆ ಅವರಿಗೆ ದ್ವೀಪದಲ್ಲಿ ಹೆಸರು ಹಿಡಿದು ಕರೆಯೋ ಜನ ಇರ್ಬೇಕು. ಅದಕ್ಕೇ ಮೊದಲ ಬಹುಮಾನ ಬಂತು. ಬಹುಮಾನ ತಗೊಂಡು ಸುಮ್ಮನಾಗ್ಲಿಲ್ಲ, ಮುಂದೆ ಆ ಟೂರನ್ನ ನಿಜವಾಗ್ಲೂ ನಡೆಸಿದ್ರು.

2010ರ ಹೊತ್ತಿಗೆ ಹೊರಗಿನ ಊರಿನ ಮಕ್ಕಳನ್ನೂ ಓದೋಕೆ ಕರೆಯೋ ಯೋಜನೆ ಶುರುವಾಯ್ತು, ಮೂರು ವರ್ಷ ಹಾಸ್ಟೆಲಲ್ಲಿದ್ದು ಓದೋದು. ಟೋಕಿಯೋ, ಒಸಾಕಾ ಕಡೆಯಿಂದೆಲ್ಲಾ ಮಕ್ಕಳು ಬರ್ತಾರೆ. ಮನೆ ಬಿಟ್ಟು ಬಂದ ಮಗುವಿಗೆ ಊರಲ್ಲಿ ಒಂದು ಮನೆಯವರು ದ್ವೀಪದ ಅಪ್ಪ ಅಮ್ಮನ ಥರ ಇರ್ತಾರೆ, ರಜಾ ದಿನ ಊಟಕ್ಕೆ ಕರೀತಾರೆ, ಗದ್ದೆ ನಾಟಿಗೆ, ಮೀನು ಹಿಡಿಯೋಕೆ ಕರ್ಕೊಂಡು ಹೋಗ್ತಾರೆ. ಆಗಸ್ಟ್‌ನಲ್ಲಿ ಊರ ಹಬ್ಬ ಬಂದ್ರೆ ಎರಡೂ ಕೈಯಲ್ಲಿ ಅನ್ನ ಬಡಿಸೋ ಮರದ ಸಟ್ಟುಗ ಹಿಡ್ಕೊಂಡು ತಟ್ಟುತ್ತಾ ಕಿನ್ನ್ಯಾಮೋನ್ಯಾ ಅನ್ನೋ ಕುಣಿತ ಕುಣೀತಾರೆ. ಊರಿನ ಮಕ್ಕಳಿಗೆ ಇದರಿಂದ ಆದ ಲಾಭ ಇನ್ನೊಂದು ಥರದ್ದು. ಅಂಗನವಾಡಿಯಿಂದ ಅದೇ ನಾಲ್ಕು ಮುಖ ನೋಡ್ಕೊಂಡು ಬೆಳೆದವರು, ಇವನು ಮಾತಾಡಲ್ಲ, ಅವಳು ಲೆಕ್ಕದಲ್ಲಿ ವೀಕು ಅಂತ ಹಣೆಗೆ ಅಂಟಿಸಿದ್ದು ಹಾಗೇ ಉಳಿದಿರುತ್ತೆ, ಹೊಸಬರು ಬಂದಾಗ ಮೊದಲ ಸಲ ಅದೆಲ್ಲ ಬಿಟ್ಟು ಬೇರೆ ಥರ ಇರೋಕೆ ಜಾಗ ಸಿಗುತ್ತೆ.

ಟ್ಯೂಷನ್ ಇಲ್ಲ ಅನ್ನೋ ಕೊರಗಿಗೆ ಊರಿನವರೇ ಒಂದು ಸೆಂಟರ್ ಮಾಡಿದ್ದಾರೆ, ಈಗ ಅದು ರಿಪೇರಿ ಮಾಡಿದ ಒಂದು ಹಳೇ ಮನೆಯಲ್ಲಿದೆ. ಪಾಠದ ಜೊತೆಗೆ ಅಲ್ಲಿ ಒಂದು ತರಗತಿ ನಿನಗೇನು ಮಾಡ್ಬೇಕು ಅನ್ಸುತ್ತೆ ಅಂತ ಕೂತು ಮಾತಾಡೋಕೇ ಇದೆ. ಒಬ್ಬರು ಶುರು ಮಾಡಿದ ಮಾತಿಗೆ ಇನ್ನೊಬ್ಬರು ಪ್ರಶ್ನೆ ಕೇಳ್ತಾರೆ, ಊರಿನ ದೊಡ್ಡವರೂ ಬಂದು ಕೂತ್ಕೋತಾರೆ.

ಓದು ಮುಗಿದ ಮೇಲೆ ದ್ವೀಪದಲ್ಲಿ ಕಾಲೇಜಿಲ್ಲ, ಹೆಚ್ಚಿನವರು ಹೊರಡ್ಲೇಬೇಕು. ಅಮಾದ ಹಿಶಿಯುರಾ ಬಂದರಲ್ಲಿ ಫೆರ್ರಿ ಮೇಲಿರೋರು ಒಂದು ತುದಿ, ದಡದಲ್ಲಿರೋರು ಇನ್ನೊಂದು ತುದಿ ಹಿಡಿದು ಬಣ್ಣದ ಪೇಪರ್ ಟೇಪ್ ಬಿಡ್ತಾರೆ, ಹಡಗು ಸರಿದ ಹಾಗೆ ಟೇಪು ಬಿಚ್ಕೊಂಡು ಕೊನೆಗೆ ಹರೀತದೆ. ಇವರನ್ನೆಲ್ಲಾ ಇಲ್ಲೇ ಇಟ್ಕೊಳ್ಳೋಕೆ ಸ್ಕೂಲು ನಡೆಸ್ತಿಲ್ವಲ್ಲ, ಹೊರಗೆ ಹೋಗಿ ಕಲ್ತು, ಮನಸ್ಸಿದ್ರೆ ಬಂದು ಇಲ್ಲಿಗೇ ಒಂದು ಕೆಲಸ ಹುಟ್ಟಿಸ್ಲಿ ಅನ್ನೋದು ಅಲ್ಲಿಯವರ ಲೆಕ್ಕ, ನನಗೂ ಅದೇ ಸರಿ ಅನ್ಸುತ್ತೆ. 2012ರಲ್ಲಿ ಮೊದಲನೇ ವರ್ಷಕ್ಕೆ ಎರಡು ಸೆಕ್ಷನ್ ಮಾಡ್ಬೇಕಾಯ್ತು, ಆಮೇಲಿನ ವರ್ಷಗಳಲ್ಲಿ ಒಟ್ಟು ಮಕ್ಕಳು 150 ದಾಟಿದ್ರು. ಈಗ ಜಪಾನಿನ ಬೇರೆ ದ್ವೀಪಗಳ, ಬೆಟ್ಟದ ಹಳ್ಳಿಗಳ ಎಷ್ಟೋ ಹೈಸ್ಕೂಲುಗಳು ಇದೇ ರೀತಿ ಹೊರಗಿನ ಮಕ್ಕಳನ್ನ ಓದೋಕೆ ಕರೀತಿವೆ.