ತೋಟದ ಶೆಡ್ಡಲ್ಲಿ ನಿಂತಿರೋ ವಿಆರ್‌ಎಸ್ ಬೇಡ, ಓಡಿರೋದನ್ನೇ ತಗೊಳ್ಳಿ

ಎಲ್ರಿಗೂ ನಮಸ್ಕಾರ. ಹಳೇ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ (ಆಕ್ಟೇವಿಯಾದ ಜೋರಾಗಿ ಓಡೋ ಸ್ಪೋರ್ಟಿ ಮಾಡೆಲ್ಲು) ಬಗ್ಗೆ ಕೇಳೋರು ಹೆಚ್ಚುಕಮ್ಮಿ ಒಂದೇ ಥರ ಕೇಳ್ತಾರೆ. ಅಣ್ಣ, ಮೂಡಿಗೆರೆ ಕಡೆ ಒಂದು ತೋಟದ ಮನೇಲಿ ಕಾರಿದೆ, ಓಡಿರೋದೇ ತುಂಬ ಕಮ್ಮಿ, ಮಳೆಗಾಲದಲ್ಲಿ ಹೊರಗೇ ತೆಗೆದಿಲ್ವಂತೆ, ತಗೋಬಹುದಾ ಅಂತ. ನಾನಂತೂ ಬೇಡ ಅಂತೀನಿ. ಅದೇ ಮಾಡೆಲ್ ಕಾರನ್ನ ಹಾಸನದಲ್ಲಿ ಯಾರೋ ದಿನಾ ಓಡಿಸಿ ಒಂದೂವರೆ ಲಕ್ಷ ಕಿಲೋಮೀಟರ್ ದಾಟಿಸಿದಾರೆ, ಬಿಲ್ಲೆಲ್ಲ ಫೈಲಲ್ಲಿ ಜೋಡಿಸಿಟ್ಟಿದಾರೆ ಅಂದ್ರೆ ಮೊದ್ಲು ಅದನ್ನ ಹೋಗಿ ನೋಡಿ.

ಯಾಕೆ ಅಂದ್ರೆ ಈ ಇಂಜಿನ್ ಗಟ್ಟಿ. 1.8 ಲೀಟರ್ ಟರ್ಬೊ ಪೆಟ್ರೋಲು, ಸಿಲಿಂಡರಿಗೆ ಐದೈದರಂತೆ 20 ವಾಲ್ವು, ಕಬ್ಬಿಣದ ಬ್ಲಾಕು, ಯೂರೋಪಲ್ಲಿ ಇದೇ ಕಾರಿಗೆ 180 ಹಾರ್ಸ್‌ಪವರ್ ಇತ್ತು, ನಮ್ಮಲ್ಲಿಗೆ ಬಂದಿದ್ದು 150. ಗಾಲ್ಫು, ಪಸಾಟು, ಆಡಿ ಟಿಟಿ ಎಲ್ಲದ್ರಲ್ಲೂ ಇದೇ ಕುಟುಂಬದ ಇಂಜಿನ್ನೇ. ಇದನ್ನ ಹಾಳು ಮಾಡೋದು ಸುತ್ತ ಇರೋ ರಬ್ಬರು, ಪ್ಲಾಸ್ಟಿಕ್ಕು, ಮತ್ತೆ ಹಳೇ ಆಯಿಲ್ಲು, ಈ ಮೂರಕ್ಕೂ ಕಿಲೋಮೀಟರ್ ಜೊತೆಗೆ ವರ್ಷನೂ ಲೆಕ್ಕಕ್ಕೆ ಬರುತ್ತೆ, ಕಾರು ನಿಂತಿದ್ರೂ ವಯಸ್ಸು ನಿಲ್ಲಲ್ಲ ನೋಡಿ.

ಟೈಮಿಂಗ್ ಬೆಲ್ಟಿಂದ ಶುರು ಮಾಡೋಣ. ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆಯೋ ಥರ ನೋಡ್ಕೊಳ್ಳೋ ರಬ್ಬರ್ ಬೆಲ್ಟು. ಕಮ್ಮಿ ಓಡಿದೆ ಅಂತ ಯಾರೂ ಬದಲಾಯ್ಸಿರಲ್ಲ, ಅದು ತುಂಡಾದ್ರೆ ಪಿಸ್ಟನ್ನು ವಾಲ್ವಿಗೆ ಹೊಡೆಯುತ್ತೆ, ವಾಲ್ವು ಬಗ್ಗಿ ಇಂಜಿನ್ನಿನ ಮೇಲ್ಭಾಗ, ಅಂದ್ರೆ ಹೆಡ್ ಬಿಚ್ಚೋ ಕೆಲಸ ಬರುತ್ತೆ. ಆ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸೋದು, ಹಳೇ ಪಂಪ್‌ಗಳ ಒಳಗಿನ ಫ್ಯಾನು ಪ್ಲಾಸ್ಟಿಕ್ಕಿಂದು, ಮುರಿದ್ರೆ ಹೊರಗೆ ಒಂದು ಹನಿ ಸೋರದೇನೂ ಇಂಜಿನ್ ಕಾಯುತ್ತೆ. ಹಾಗಾಗಿ ಬೆಲ್ಟು, ಅದನ್ನ ಬಿಗಿಯಾಗಿಡೋ ಟೆನ್ಷನರು, ಲೋಹದ ಫ್ಯಾನಿರೋ ಪಂಪು ಮೂರೂ ಒಟ್ಟಿಗೆ ಹಾಕ್ಸಿರೋ ಬಿಲ್ ಕೇಳಿ. ಬಿಲ್ ಇಲ್ಲ, ಬಾಯಿಮಾತಲ್ಲಿ ಆಗಿದೆ ಅಂದ್ರೆ ಆಗಿಲ್ಲ ಅಂತಾನೇ ಲೆಕ್ಕ ಇಟ್ಕೊಂಡು ರೇಟ್ ಮಾತಾಡಿ.

ನೋಡೋಕೆ ಹೋಗೋ ಹಿಂದಿನ ದಿನಾನೇ ಫೋನ್ ಮಾಡಿ, ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳಿ. ಚಿಕ್ಕಮಗಳೂರಿನ ಬೆಳಗಿನ ಚಳೀಲಿ ಇಂಥ ಇಂಜಿನ್ ಏನೂ ಮುಚ್ಚಿಡೋಕಾಗಲ್ಲ. ಸ್ಟಾರ್ಟ್ ಮಾಡೋಕೆ ಮುಂಚೆ ಆಯಿಲ್ ಹಾಕೋ ಮುಚ್ಚಳ ತೆಗೀರಿ, ಒಳಗಡೆ ಬೆರಳಾಡಿಸಿ. ತೆಳುವಾದ ಕಂದು ಬಣ್ಣ ಆದ್ರೆ ಸರಿ. ಕಪ್ಪಗೆ ಗಟ್ಟಿಯಾಗಿ, ಉಗುರಲ್ಲಿ ಕೆರೆದ್ರೆ ಪದರ ಏಳೋ ಥರ ಇದ್ರೆ ಅದು ಸ್ಲಡ್ಜು, ಅಂದ್ರೆ ಹಳೇ ಆಯಿಲ್ ಹೆಪ್ಪುಗಟ್ಟಿರೋ ಕೊಳೆ, ಅದೇ ಕೆಳಗಡೆ ಆಯಿಲ್ ತುಂಬಿರೋ ಸಂಪಲ್ಲಿ ಆಯಿಲ್ ಹೀರೋ ಜಾಲರಿಗೂ ಕಟ್ಕೊಳ್ಳುತ್ತೆ, ಪ್ರೆಷರ್ ಬೀಳುತ್ತೆ, ಮೊದ್ಲು ಏಟು ತಿನ್ನೋದು ಟರ್ಬೊ. ಒಳ್ಳೆ ಸಿಂಥೆಟಿಕ್ ಬಿಟ್ಟು ಅಂಗಡೀಲಿ ಸಿಕ್ಕಿದ ಆಯಿಲ್ ಹಾಕಿರೋ ಕಾರುಗಳ ಗತಿ ಇದು. ಸ್ಟಾರ್ಟ್ ಆದ್ಮೇಲೆ ಹೆಡ್ಡಿನ ಕಡೆಯಿಂದ ಚೈನ್ ಸದ್ದು ತುಂಬ ಹೊತ್ತು ಬರ್ತಿದ್ರೆ ಕ್ಯಾಮ್ ಚೈನ್ ಟೆನ್ಷನರ್ ನೋಡಿ (ಬೆಲ್ಟ್ ಅಲ್ಲದೆ, ಮೇಲಿನ ಎರಡು ಕ್ಯಾಮ್‌ಶಾಫ್ಟ್ ಜೋಡಿಸೋಕೆ ಒಂದು ಸಣ್ಣ ಚೈನೂ ಇದೆ), ಅಲ್ಲಿ ಗ್ಯಾಸ್ಕೆಟಿಂದ ಆಯಿಲ್ ಸೋರೋದೂ ಮಾಮೂಲಿ.

ಆಮೇಲೆ ಚಿಕ್ಕಮಗಳೂರಿನ ಹತ್ರದ ಕೈಮರ ಕಡೆ ಏರು ಹತ್ತಿಸಿ. ಇಂಜಿನ್ ಪೂರ್ತಿ ಬಿಸಿ ಆದ್ಮೇಲೆ ಮೂರನೇ ಗೇರಲ್ಲಿ ಎರಡು ಸಾವಿರ ಆರ್‌ಪಿಎಮ್ಮಿಂದ ಪೂರ್ತಿ ಒತ್ತಿ. ಒಂದೇ ಸಮ ಎಳೀಬೇಕು. ಜರ್ಕ್ ಹೊಡೆದು ಇಂಜಿನ್ ಲೈಟ್ ಮಿನುಗಿದ್ರೆ ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡೋ ಇಗ್ನಿಷನ್ ಕಾಯಿಲು ಹೋಗಿದೆ, ಈ ಇಂಜಿನ್ನಿನ ಹಳೇ ಕಾಯಿಲೆ, ಭಯ ಬೇಡ, ನಾಲ್ಕೂ ಬದಲಾಯ್ಸಿದ್ರೆ ಮುಗೀತು. ಎಳೆತನೇ ಇಲ್ಲ, ಬರೀ ಉಸ್ ಅಂತಿದೆ ಅಂದ್ರೆ ಟರ್ಬೊದ ಹೆಚ್ಚಿನ ಗಾಳಿ ವಾಪಸ್ ತಿರುಗಿಸೋ ಡೈವರ್ಟರ್ ವಾಲ್ವಿನ ಒಳಗಿನ ರಬ್ಬರ್ ಹರಿದಿರ್ಬೇಕು ಇಲ್ಲಾ ಗಾಳಿ ಹೋಸ್ ಒಡೆದಿರ್ಬೇಕು. ಇದನ್ನೇ ಟರ್ಬೊ ಹೋಗಿದೆ ಅಂತ ಹೇಳಿ ಹೊಸ ಟರ್ಬೊ ಹಾಕ್ಸೋ ಗ್ಯಾರೇಜುಗಳಿವೆ, ನಂಗೆ ನಿಜವಾಗ್ಲೂ ಸಿಟ್ಟು ಬರೋದು ಅಲ್ಲೇ, ಒಂದು ಸಣ್ಣ ಹೋಸಿಗೋಸ್ಕರ ಎಷ್ಟೋ ಜನ ಬೇಜಾರಾಗಿ ಒಳ್ಳೆ ಕಾರನ್ನ ಗುಜರಿ ರೇಟಿಗೆ ಕೊಟ್ಬಿಡ್ತಾರೆ.

ವಾಪಸ್ ಇಳೀವಾಗ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. 90ರಲ್ಲಿ ಅಲ್ಲಾಡದೆ ನಿಲ್ಬೇಕು. ಇಳಿಜಾರಲ್ಲಿ ಮೆಲ್ಲಗೆ ಕೆಳಗೆ ಜಾರಿ, ಏರು ಬಂದಾಗ ಮತ್ತೆ ಮೇಲೆ ಹೋದ್ರೆ ಥರ್ಮೋಸ್ಟಾಟ್ ತೆರ್ಕೊಂಡೇ ಕೂತಿದೆ. ಸುಮ್ಮಸುಮ್ನೆ ಸೊನ್ನೆಗೆ ಬಿದ್ದು ಎದ್ರೆ ಸೆನ್ಸರು.

ಮಲೆನಾಡಿನ ಕಾರಾದ್ರೆ ಇನ್ನೊಂದೆರಡು ಕಡೆ ಕೈ ಹಾಕ್ಲೇಬೇಕು. ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ ಎತ್ತಿ ಒತ್ತಿ ನೋಡಿ, ಬಾಗಿಲೊಳಗಿನ ಸೀಲ್ ಬಿಟ್ಟಿದ್ರೆ ಮಳೆನೀರು ಅಲ್ಲೇ ಬಂದು ನಿಲ್ಲೋದು. ಬಾನೆಟ್ ಕೆಳಗೆ ಇಲಿ ವೈರ್ ಕಡಿದಿದ್ಯಾ ನೋಡಿ, ಶೆಡ್ಡಲ್ಲಿದ್ದ ಕಾರಿಗೆ ಇದಿಲ್ದೇ ಇರಲ್ಲ. ಲಿಫ್ಟ್ ಹಾಕ್ಸಿ ಸಂಪ್ ನೋಡಿ, ಅಲ್ಯೂಮಿನಿಯಮ್ದು, ತೋಟದ ದಾರಿ ಕಲ್ಲಿಗೆ ತಗುಲಿದ್ರೆ ಬಿರುಕು ಬಿಡುತ್ತೆ. ಮುಂದಿನ ಚಕ್ರ ಹಿಡಿದಿರೋ ಲೋಯರ್ ಆರ್ಮಿನ ರಬ್ಬರ್ ಬುಷ್ ಹೋಗೇ ಇರುತ್ತೆ, ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ, ಪವರ್ ವಿಂಡೋ ಗ್ಲಾಸ್ ಒಳಗೆ ಬಿದ್ದಿದ್ರೂ ಅಷ್ಟೇ.

ಸ್ಕ್ಯಾನರ್ ಹಾಕ್ಸಿದಾಗ ಒಂದೂ ದೋಷದ ಕೋಡ್ ಬರ್ಲಿಲ್ಲ ಅಂತ ಖುಷಿ ಪಡ್ಬೇಡಿ, ರೆಡಿನೆಸ್, ಅಂದ್ರೆ ಕಾರಿನ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನ ಮುಗಿಸಿದ್ಯಾ ಅನ್ನೋದನ್ನ ತೋರ್ಸಿ ಅನ್ನಿ. ಅದು ಅಪೂರ್ಣ ಅಂತ ಬಂದ್ರೆ ಇತ್ತೀಚೆಗೆ ಕೋಡ್ ಅಳಿಸಿದಾರೋ, ಬ್ಯಾಟರಿ ತೆಗೆದಿದ್ರೋ ಕೇಳಿ, ಇನ್ನೊಂದಿಷ್ಟು ಓಡಿಸಿ ಮತ್ತೆ ಹಾಕ್ಸಿ.

ಪೇಪರ್ ವಿಷಯ. ಈ ಕಾರುಗಳಿಗೆಲ್ಲ 15 ವರ್ಷ ತುಂಬಿದೆ, ಆರ್‌ಟಿಒಗೆ ಗಾಡಿ ತಗೊಂಡೋಗಿ ತೋರ್ಸಿ ಆರ್‌ಸಿ ರಿನ್ಯೂವಲ್ ಆಗಿರ್ಬೇಕು, ಅದು ಐದು ವರ್ಷಕ್ಕೆ. ಚಿಕ್ಕಮಗಳೂರಿನ ಕೆಎ 18 ಆಗ್ಲಿ ಹಾಸನದ ಕೆಎ 13 ಆಗ್ಲಿ, ಆರ್‌ಸಿಲಿರೋ ತಾರೀಖು ನೀವೇ ಓದಿ. ಸದ್ದಿಗೋಸ್ಕರ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತಿರೋ ಕಾರಾದ್ರೆ ಎಮಿಷನ್ ಟೆಸ್ಟಲ್ಲೇ ಒದ್ದಾಡ್ತೀರಿ. ಇಂಜಿನ್ ಸಾಮಾನು ಬೇರೆ ಕಾರಿಗೂ ಆಗೋದ್ರಿಂದ ಹೆಂಗೋ ಸಿಗುತ್ತೆ, ಆದ್ರೆ ವಿಆರ್‌ಎಸ್ ಬಂಪರ್ ಒಡೆದಿದ್ರೆ ಹುಡುಕಿ ಸಾಕಾಗುತ್ತೆ, ಆ ದುಡ್ಡನ್ನ ಅಲ್ಲೇ ರೇಟಲ್ಲಿ ಇಳಿಸ್ಕೊಂಡು ಬನ್ನಿ.