ಫೋನಿಗೆ ಓದಲು ಬಾರದ ಕನ್ನಡ

ಶ್ರೋತೃಗಳಿಗೆ ನಮಸ್ಕಾರ.

ವಿಜಯಪುರದ ನಮ್ಮ ಮನೆಗೆ ಹೋದ ತಿಂಗಳು ಅಣ್ಣನ ಮಗಳು ಬಂದಿದ್ದಳು. ಬಿ.ಎ. ಓದುತ್ತಾಳೆ. ಹುಟ್ಟಿನಿಂದಲೂ ಕಣ್ಣು ಕಾಣಿಸುವುದಿಲ್ಲ. ಫೋನಿನ ಪರದೆಯ ಮೇಲೆ ಬೆರಳನ್ನು ಬಲಕ್ಕೆ ಸರಿಸುತ್ತ ಹೋಗುತ್ತಾಳೆ, ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಎಂಬ ತಂತ್ರಾಂಶ ಪರದೆಯಲ್ಲಿರುವುದನ್ನು ಒಂದೊಂದಾಗಿ ಓದಿ ಹೇಳುತ್ತದೆ. ಬೇಕಾದದ್ದು ಸಿಕ್ಕಾಗ ಎರಡು ಸಲ ತಟ್ಟುತ್ತಾಳೆ. ಅದು ಮಾತಾಡುವ ವೇಗ ನನ್ನ ಕಿವಿಗೆ ನಿಲುಕಲೇ ಇಲ್ಲ. ಅವಳಿಗೆ ಅದೂ ನಿಧಾನವಂತೆ.

ಅವತ್ತು ವಿದ್ಯಾರ್ಥಿವೇತನದ ಪ್ರಕಟಣೆ ಹುಡುಕುತ್ತಿದ್ದಳು. ಜಾಲತಾಣ ತೆರೆಯಿತು. ಫೋನು "ಚಿತ್ರ" ಎಂದು ಸುಮ್ಮನಾಯಿತು. ಮತ್ತೆ ಬೆರಳು ಸರಿಸಿದರೆ, "ಲೇಬಲ್ ಇಲ್ಲದ ಬಟನ್".

"ಕಾಕಾ, ಇದರಾಗ ಏನೈತಿ ಸ್ವಲ್ಪ ನೋಡಿ ಹೇಳ್ರಿ" ಅಂದಳು.

ಕಾಗದದ ಪ್ರಕಟಣೆಯ ಫೋಟೋ ತೆಗೆದು ಹಾಗೇ ಏರಿಸಿದ್ದರು. ಕಡೆಯ ದಿನಾಂಕ ಕೆಳಗಿನ ಮೂಲೆಯಲ್ಲಿತ್ತು. ಉಳಿದದ್ದು ಎರಡೇ ದಿನ.

ಅದರ ಜೊತೆಗಿದ್ದ ಇನ್ನೊಂದು ಕಡತ ಫೋಟೋ ಅಲ್ಲ, ಟೈಪ್ ಮಾಡಿದ್ದು. ಅದನ್ನು ತೆರೆದರೆ ಫೋನು ಏನೇನೋ ಇಂಗ್ಲಿಷ್ ಅಕ್ಷರ ಒದರತೊಡಗಿತು. ಕಾರಣ ನನಗೆ ತಕ್ಷಣ ಹೊಳೆಯಿತು. ನಾನು ಡಿಟಿಪಿ ಅಂಗಡಿ ನಡೆಸುವವನು, ಅಂಥ ಕಡತಗಳನ್ನು ವರ್ಷಗಟ್ಟಲೆ ನಾನೇ ಮಾಡಿಕೊಟ್ಟಿದ್ದೇನೆ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ನಮಗೆ 'ಕ' ಎಂದು ಕಾಣುವುದು, ಒಳಗೆ ಇಂಗ್ಲಿಷಿನ 'ಪಿ' ಮತ್ತು ತಲೆಯ ಮೇಲೆ ಗೀಟಿರುವ ಒಂದು 'ಎ'. ಫಾಂಟು ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ, ಅಷ್ಟೇ. ಓದಿ ಹೇಳುವ ತಂತ್ರಾಂಶಕ್ಕೆ ರೂಪ ಕಾಣುವುದಿಲ್ಲ, ಒಳಗಿರುವುದೇ ಕೇಳಿಸುತ್ತದೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 'ಕ' ಎಂಬುದು ಒಳಗೂ 'ಕ' ಆಗಿಯೇ ಇರುತ್ತದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ. ಕೀಲಿಮಣೆ ಅದೇ, ಬೆರಳಿನ ಅಭ್ಯಾಸವೂ ಬದಲಾಗಬೇಕಿಲ್ಲ.

ಇದು ಯಾರೋ ದಯೆಯಿಂದ ಮಾಡಿಕೊಡುವ ಕೆಲಸವಲ್ಲ. ಮಾಹಿತಿ ಎಲ್ಲರಿಗೂ ಎಟುಕುವ ರೂಪದಲ್ಲಿರಬೇಕು ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಡಿಜಿಟಲ್ ಸೇವೆ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿತು.

ಜಿಲ್ಲೆಯ ಕಚೇರಿ, ಕಾಲೇಜು, ಸಹಕಾರಿ ಸಂಘಗಳಲ್ಲಿ ಜಾಲತಾಣ ನೋಡಿಕೊಳ್ಳುವವರಲ್ಲಿ ನನ್ನ ವಿನಂತಿ: ಪ್ರಕಟಣೆಯನ್ನು ಅಕ್ಷರದಲ್ಲೇ ಹಾಕಿ. ಚಿತ್ರ ಬೇಕೇ ಬೇಕೆಂದರೆ ಅದರಲ್ಲೇನಿದೆ ಎಂಬ ವಿವರಣೆ ಕೊಡಿ. ಪ್ರತಿ ಬಟನ್‌ಗೂ ಹೆಸರಿಡಿ. "ಕೆಂಪು ಖಾನೆಗಳನ್ನು ತುಂಬಿ" ಎಂದರೆ ಕೆಂಪು ಕಾಣದವರು ಏನು ತುಂಬಬೇಕು? ಹಾಕಿದ ಮೇಲೆ ನಿಮ್ಮ ಫೋನಿನಲ್ಲೇ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿ ಆ ಪುಟವನ್ನು ಒಮ್ಮೆ ಕೇಳಿ. ಕಡೆಯ ದಿನಾಂಕ ಕಿವಿಗೆ ಬಿತ್ತೇ?

ನಮಸ್ಕಾರ.